ಪರಿಸರಕ್ಕಾಗಿ ಬಸ್ಸು ಓಡಿಸುವ ಹುಡುಗ

ಆ ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಇದ್ದವರು ನಾಲ್ಕೇ ಮಂದಿ. ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ನಾನು. ಚಾಪೆ ಹಾಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ ನಾಗರತ್ನ. ಅವಳೆದುರಿಗೆ, ಹಿಂದಿನ ಸಂಜೆಯಷ್ಟೇ ಕಂಪ್ಲಿಯಿಂದ ಬಂದಿಳಿದಿದ್ದ ನನ್ನ ಅಕ್ಕ ಶಾಂತಕ್ಕ. ಇನ್ನು ಅಡುಗೆಮನೆಯ ಹೊಸ್ತಿಲಲ್ಲಿ, ಒಳಗೂ ಇಲ್ಲ ಹೊರಗೂ ಇಲ್ಲ ಎನ್ನುವ ಹಾಗೆ ನಿಂತಿದ್ದ ಮಗಳು ಸುನೀತಾ. ಈ ನಾಲ್ವರಲ್ಲಿ ಮೂವರಿಗೆ ಗೊತ್ತಿದ್ದ ಸಂಗತಿ ಒಬ್ಬನಿಗೆ ಗೊತ್ತಿರಲಿಲ್ಲ. ಮನೆಯ ಯಜಮಾನನಿಗೆ ಮನೆಯ ಸಂಗತಿ ಕೊನೆಯಲ್ಲಿ ತಿಳಿಯುವುದು ನಮ್ಮ ಕಡೆ ಪದ್ಧತಿಯೇ ಆಗಿರುವುದರಿಂದ ನಾನು ಅದಕ್ಕೆ ಬೇಸರಪಡುವುದಿಲ್ಲ. ಆದರೆ ಶಾಂತಕ್ಕ ಕರೆಯದೇ ಬಂದದ್ದು, ನಾಗರತ್ನ ಕೇಳದೇ ಎರಡನೇ ಸಲ ಚಹಾ ಕೊಟ್ಟದ್ದು, ಮಗಳು ಮೊಬೈಲ್ ಕೆಳಗಿಟ್ಟು ನಿಂತದ್ದು, ಈ ಮೂರೂ ಒಟ್ಟಿಗೆ ಕೂಡಿ ಬಂದಾಗಲೇ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ.

ಶಾಂತಕ್ಕ ಗಂಟಲು ಸರಿಮಾಡಿಕೊಂಡು, ತಮ್ಮ ಓಣಿಯಲ್ಲಿ ಹುಲುಗೇಶ ಅಂತ ಒಬ್ಬ ಹುಡುಗ ಇದ್ದಾನೆ, ಡಿಪ್ಲೊಮಾ ಓದಿದ್ದಾನೆ, ತಾಯಿ ಒಬ್ಬಳೇ, ಸರ್ಕಾರಿ ಕೆಲಸ ಎಂದು ಹೇಳಿದಳು. ಸರ್ಕಾರಿ ಅಂದರೆ ಯಾವ ಇಲಾಖೆ ಎಂದು ಕೇಳಿದೆ. ಅಕ್ಕ ಸುನೀತಾಳ ಮುಖ ನೋಡಿದಳು. ಸುನೀತಾ ನೆಲ ನೋಡಿಕೊಂಡು, ಪರಿಸರಕ್ಕೆ ಸಂಬಂಧಪಟ್ಟ ಕೆಲಸ ಅಪ್ಪಾ ಎಂದಳು. ಅರಣ್ಯ ಇಲಾಖೆಯೇ ಎಂದೆ, ಅಲ್ಲವಂತೆ. ಸಸಿ ನೆಡುವವರೇ ಎಂದೆ, ಅದೂ ಅಲ್ಲವಂತೆ. ಆಗ ನಾಗರತ್ನ ಅವರೆಕಾಯಿಯಿಂದ ತಲೆ ಎತ್ತದೆ ಒಂದೇ ಮಾತು ಹೇಳಿದಳು.

“ಬಸ್ಸು ಓಡಿಸ್ತಾನ್ರಿ.”

ನಾನು ಅನುಮಾನದ ಮನುಷ್ಯ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೊಸಪೇಟೆಯ ನಮ್ಮ ಬೀದಿಗೆಲ್ಲ ಗೊತ್ತಿದೆ. ಯಾರಾದರೂ ತಾವಾಗಿ ನಮಸ್ಕಾರ ಮಾಡಿದರೆ ನಾನು ಮೊದಲು ಅಂಗಿಯ ಗುಂಡಿ ನೋಡಿಕೊಳ್ಳುತ್ತೇನೆ. ಹೆಂಡತಿ ಅನ್ನದ ಮೇಲೆ ಒಂದು ಮಿಳ್ಳೆ ತುಪ್ಪ ಹೆಚ್ಚು ಹಾಕಿದರೆ ಯಾರ ಮನೆಯ ಕಾರ್ಯಕ್ಕೆ ಹೋಗಬೇಕು ಎಂದು ಕೇಳುತ್ತೇನೆ. ನಮ್ಮಜ್ಜಿ ನನ್ನ ಎಳವೆಯಲ್ಲೇ ಇದನ್ನು ಕಂಡುಹಿಡಿದಿದ್ದಳು. ಅನುಮಾನ ಅಂದ್ರ ಹುರಿದ ಶೇಂಗಾ ಇದ್ದಂಗ, ಒಂದು ಬಾಯಿಗೆ ಬಿತ್ತಂದ್ರ ಕೈ ತಾನೇ ಚೀಲಕ್ಕ ಹೋಗ್ತೈತಿ ಅನ್ನುತ್ತಿದ್ದಳು. ಅಜ್ಜಿಯ ಈ ಮಾತಿನ ಮೇಲೂ ನನಗೆ ಸಣ್ಣ ಅನುಮಾನವಿತ್ತು. ಶೇಂಗಾ ನನಗೆ ಕೊಡದಿರಲು ಹೂಡಿದ ಉಪಾಯ ಅದಾಗಿರಬಹುದು.

ಅದರಲ್ಲೂ ಪರಿಸರ ಎಂಬ ಶಬ್ದದ ಮೇಲೆ ನನ್ನ ಅನುಮಾನಕ್ಕೆ ಇತಿಹಾಸವೇ ಇದೆ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಇರುವೆ ಸಾಲಿನಂತೆ ಇಳಿಯುತ್ತಿದ್ದ ಕಾಲದಲ್ಲಿ ನನ್ನದು ಲಾರಿ ಬಿಡಿಭಾಗಗಳ ಅಂಗಡಿ. ಕ್ಲಚ್ ಪ್ಲೇಟು, ಏರ್ ಫಿಲ್ಟರು, ಸ್ಪ್ರಿಂಗ್ ಪಟ್ಟಿ ಇವನ್ನೆಲ್ಲ ನಾನು ಮಾರುತ್ತಿರಲಿಲ್ಲ, ಅವೇ ಹೋಗುತ್ತಿದ್ದವು. ಒಂದು ದಿನ ಎಲ್ಲರ ಬಾಯಲ್ಲೂ ಪರಿಸರ, ಪರಿಸರ ಅಂತ ಶುರುವಾಯಿತು. ನಾನು ಅದೊಂದು ಶಾಲೆಯ ಪಾಠ ಅಂದುಕೊಂಡಿದ್ದೆ. ನೋಡನೋಡುತ್ತಾ ಗಣಿ ನಿಂತವು, ಲಾರಿಗಳು ರಸ್ತೆ ಬದಿಗೆ ಸಾಲಾಗಿ ಮಲಗಿದವು, ನನ್ನ ಗಲ್ಲಾದ ಮೇಲೆ ಬೆಕ್ಕು ಮಲಗಿತು. ಆಮೇಲೆ ಹೇಗೋ ಸಾವರಿಸಿಕೊಂಡು ಬೈಕು, ಸ್ಕೂಟರುಗಳ ಬಿಡಿಭಾಗಕ್ಕೆ ಇಳಿದೆ. ಗಣಿ ಮತ್ತೆ ಶುರುವಾದರೂ ನಾನು ಲಾರಿಯ ಕಡೆ ತಿರುಗಿ ನೋಡಲಿಲ್ಲ. ಹೀಗಿರುವಾಗ ಆ ಶಬ್ದ ಈಗ ನಮ್ಮ ಪಡಸಾಲೆಯೊಳಕ್ಕೇ, ಅದೂ ಅಳಿಯನಾಗಿ ಬರುತ್ತೇನೆ ಅನ್ನುತ್ತಿದೆ.

ಬಸ್ಸು ಓಡಿಸುವುದಕ್ಕೂ ಪರಿಸರಕ್ಕೂ ಏನು ಸಂಬಂಧ ಎಂದು ಕೇಳಿದೆ. ಸುನೀತಾ ಕಮಲಾಪುರದ ಶಾಲೆಯಲ್ಲಿ ವಿಜ್ಞಾನದ ಟೀಚರು. ಪಾಠ ಹೇಳುವ ದನಿಯಲ್ಲೇ ಹೇಳಿದಳು: ಒಂದು ಬಸ್ಸಿನಲ್ಲಿ ಐವತ್ತು ಮಂದಿ ಕೂತರೆ ಐವತ್ತು ಬೈಕು ಮನೆಯಲ್ಲೇ ಉಳಿಯುತ್ತವೆ, ಅಷ್ಟು ಹೊಗೆ ಕಡಿಮೆ. ಹುಲುಗೇಶ ಮೊದಲು ಸಂಡೂರು ಕಡೆ ಅದಿರಿನ ಟಿಪ್ಪರ್ ಓಡಿಸುತ್ತಿದ್ದ, ಈಗಿನದಕ್ಕಿಂತ ಜಾಸ್ತಿ ಸಂಬಳ ಇತ್ತು, ಅದನ್ನು ಬಿಟ್ಟು ಬೇಕೆಂದೇ ಬಸ್ಸಿಗೆ ಬಂದಿದ್ದಾನೆ. ನಾನು ಲೆಕ್ಕ ಹಾಕಿದೆ. ಐವತ್ತು ಬೈಕು ಮನೆಯಲ್ಲಿ ಉಳಿದರೆ ಐವತ್ತು ಬೈಕಿನ ಚೈನು ಸವೆಯುವುದಿಲ್ಲ, ಬ್ರೇಕ್ ಶೂ ಸವೆಯುವುದಿಲ್ಲ. ಅಂದರೆ ಆ ಹುಡುಗ ದಿನಾ ಬೆಳಿಗ್ಗೆ ಎದ್ದು ಮಾಡುವ ಕೆಲಸ ನನ್ನ ಅಂಗಡಿ ಮುಚ್ಚಿಸುವುದು. ಅದೂ ಹೋಗಲಿ. ಜಾಸ್ತಿ ಸಂಬಳ ಬಿಟ್ಟು ಗಾಳಿ ಚೆನ್ನಾಗಿರಲಿ ಅಂತ ಕೆಲಸಕ್ಕೆ ಸೇರಿದ ಗಂಡಸನ್ನು ನಾನು ಈ ತಾಲ್ಲೂಕಿನಲ್ಲಿ ಕಂಡಿಲ್ಲ. ಓಡಿಸಿ ಕಳಿಸಿರಬೇಕು, ಇಲ್ಲವೇ ಕುಡಿತ ಇರಬೇಕು, ಇಲ್ಲವೇ ಎರಡೂ ಇರಬೇಕು.

ವಿಚಾರಿಸಿ ಹೇಳುತ್ತೇನೆ ಎಂದೆ. ಆಗ ಸುನೀತಾ ಹೊಸ್ತಿಲು ದಾಟಿ ಹೊರಗೆ ಬಂದಳು.

“ವಿಚಾರಿಸು ಅಪ್ಪಾ, ಎಷ್ಟು ಬೇಕಾದ್ರೂ ವಿಚಾರಿಸು. ನೀ ಬ್ಯಾಡ ಅಂದ್ರ ನಾನು ಅವನ್ನ ಮದುವೆ ಆಗಂಗಿಲ್ಲ. ಆದ್ರ ಬ್ಯಾರೆ ಯಾರನ್ನೂ ನೋಡಂಗೂ ಇಲ್ಲ. ಅಷ್ಟು ತಿಳ್ಕೊಂಡು ವಿಚಾರಿಸು.”

ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ಅಳುವ ಮಗಳನ್ನು ಸಮಾಧಾನ ಮಾಡಿ ಗೊತ್ತಿದೆ, ಅಳದೇ ಹೇಳುವವಳನ್ನು ಸಮಾಧಾನ ಮಾಡಿ ಗೊತ್ತಿಲ್ಲ. ಚಹಾ ಲೋಟ ಎತ್ತಿದೆ. ಅದು ಖಾಲಿಯಾಗಿತ್ತು.

ಗಂಡು ವಿಚಾರಿಸುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಹುಡುಗ ಕೆಲಸ ಮಾಡುವ ಜಾಗದ ಎದುರಿನ ಹೋಟೆಲಿನಲ್ಲಿ, ಯಾರೋ ಏನೋ ಎನ್ನುವ ಹಾಗೆ ಕೂತು ಎರಡು ಮಿರ್ಚಿ ತಿಂದರೆ ಅವನ ಏಳು ತಲೆಮಾರು ಬಿಚ್ಚಿಕೊಳ್ಳುತ್ತದೆ. ನನ್ನ ಬಗ್ಗೆಯೂ ನಾಗರತ್ನಳ ತಂದೆ ಹೀಗೇ ವಿಚಾರಿಸಿದ್ದರು. ಮಿರ್ಚಿ ಚೆನ್ನಾಗಿತ್ತು ಅಂತ ಹೆಣ್ಣು ಕೊಟ್ಟರು ಎಂದು ಅವಳು ಈಗಲೂ ಹೇಳುತ್ತಾಳೆ. ಆದರೆ ಬಸ್ಸಿನವನ ಕೆಲಸದ ಜಾಗಕ್ಕೆ ಎದುರು ಎಲ್ಲಿದೆ? ಅದು ಓಡುತ್ತಿರುತ್ತದೆ. ಆದ್ದರಿಂದ ನಾನೇ ಅದರೊಳಗೆ ಹೋಗಿ ಕೂರಬೇಕಾಯಿತು. ಗಾಡಿ ಇಟ್ಟುಕೊಂಡವನಾದ್ದರಿಂದ ಬಸ್ಸಿನ ಮೆಟ್ಟಿಲು ತುಳಿದು ಹದಿನೈದು ವರ್ಷವಾಗಿತ್ತು. ಮನೆಯಲ್ಲಿ ಮಾತ್ರ, ಗ್ಯಾಸ್ಕೆಟ್ ತರೋಕೆ ಕಂಪ್ಲಿಗೆ ಹೋಗಿಬರ್ತೀನಿ ಎಂದೆ. ಹೊಸಪೇಟೆಯವನು ಗ್ಯಾಸ್ಕೆಟ್ಟಿಗೆ ಕಂಪ್ಲಿಗೆ ಹೋಗುವುದೆಂದರೆ ಹೊಳೆ ದಂಡೆಯವನು ನೀರು ತರಲು ಕೊಳಾಯಿಗೆ ಹೋದ ಹಾಗೆ. ನಾಗರತ್ನ, ಹೋಗಿ ಬರ್ರಿ, ಎರಡು ಜಾಸ್ತಿನೇ ತರ್ರಿ ಎಂದಳು.

ಹುಲುಗೇಶನ ಬಸ್ಸಿನಲ್ಲಿ ಮಗಳು ಶಾಲೆಗೆ ಹತ್ತುವುದು ಒಂಬತ್ತರ ಟ್ರಿಪ್ಪು. ನಾನು ಬೆಳಿಗ್ಗೆ ಆರರ ಟ್ರಿಪ್ಪಿಗೇ ಕಂಪ್ಲಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುವುದು ಎಂದು ಯೋಜಿಸಿದೆ. ತಲೆಗೆ ಟವೆಲ್ಲು, ಮುಖಕ್ಕೆ ಮಾಸ್ಕು. ಮೊದಲ ದಿನ ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿಂದ ಹುಲುಗೇಶನ ಕುತ್ತಿಗೆ ಮಾತ್ರ ಕಾಣುತ್ತಿತ್ತು. ಸಣಕಲು ಕುತ್ತಿಗೆ, ಕಾಲರು ಸ್ವಚ್ಛ. ಅನಂತಶಯನಗುಡಿಯ ರೈಲ್ವೆ ಗೇಟು ಬಿದ್ದಿತ್ತು. ಅಕ್ಕಪಕ್ಕದ ಗಾಡಿಗಳೆಲ್ಲ ಗುರುಗುಟ್ಟುತ್ತ ನಿಂತಿದ್ದರೆ ಇವನು ಎಂಜಿನ್ ಆಫ್ ಮಾಡಿದ. ಬಸ್ಸಿನೊಳಗೆ ಗುಬ್ಬಿಯ ಸದ್ದು ಕೇಳಿಸಿತು. ಇದು ಡೀಸೆಲ್ ಉಳಿಸುವ ನಾಟಕವೋ, ಬ್ಯಾಟರಿ ಹೊಸದೆಂದು ತೋರಿಸುವ ಜಂಭವೋ ಎಂದು ಯೋಚಿಸಿದೆ. ಮುಂದೆ ಒಬ್ಬ ಬೈಕಿನವನು ಕಿವಿಗೆ ಫೋನು ಸಿಕ್ಕಿಸಿಕೊಂಡು ಅಡ್ಡ ಬಂದ. ಡ್ರೈವರ್ ಆದವನು ಆಗ ಏನು ಹೇಳಬೇಕು ಎಂಬುದು ನಮ್ಮೂರಿನ ಸಣ್ಣ ಕೂಸಿಗೂ ಗೊತ್ತು. ಇವನು ಏನೂ ಹೇಳಲಿಲ್ಲ. ಬೈಯದ ಡ್ರೈವರನ್ನು ಕಂಡರೆ ಯಾರಿಗೆ ತಾನೇ ಭಯವಾಗುವುದಿಲ್ಲ? ಇಷ್ಟು ಅದುಮಿಟ್ಟುಕೊಳ್ಳುವವನು ಮನೆಯಲ್ಲಿ ಹೇಗಿರುತ್ತಾನೋ ಎಂದು ಚೀಟಿಯಲ್ಲಿ ಬರೆದುಕೊಂಡೆ. ಪರಿಚಯದವರ ಕಣ್ಣಿಗೆ ಬೀಳಬಾರದೆಂದು ವಾಪಸಿನಲ್ಲಿ ಹೊಸಪೇಟೆ ಬಸ್ ಸ್ಟ್ಯಾಂಡಿಗೆ ಮೊದಲೇ ಸರ್ಕಲ್ಲಿನಲ್ಲಿ ಇಳಿದುಬಿಟ್ಟೆ.

ಎರಡನೇ ದಿನ ಸಿಕ್ಕಿಬಿದ್ದ! ಕಂಪ್ಲಿಯಿಂದ ಬರುವಾಗ ರಾಮಸಾಗರದಲ್ಲಿ ಬಸ್ಸು ನಿಂತಿತು. ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ಹತ್ತಲಿಲ್ಲ. ಸೀದಾ ಡ್ರೈವರನ ಕಿಟಕಿಗೆ ಬಂದು, ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯೊಂದನ್ನು ಒಳಗೆ ಕೊಟ್ಟು, ನಕ್ಕು ಹೋದಳು. ಇವನೂ ನಕ್ಕ. ಇರಲಿ, ತಂಗಿ ಇರಬಹುದು ಎಂದುಕೊಂಡೆ. ಬುಕ್ಕಸಾಗರದಲ್ಲಿ ಇನ್ನೊಬ್ಬಳು, ಇನ್ನೊಂದು ಡಬ್ಬಿ, ಇನ್ನೊಂದು ನಗು. ಕಮಲಾಪುರಕ್ಕೆ ಬರುವಷ್ಟರಲ್ಲಿ ಎಂಜಿನ್ನಿನ ಮುಚ್ಚಳದ ಪಕ್ಕದಲ್ಲಿ ಐದು ಡಬ್ಬಿ ಸಾಲಾಗಿ ಕೂತಿದ್ದವು. ತಂಗಿಯರೇ ಆದರೆ ಅವನ ತಂದೆ ದೊಡ್ಡ ಮನುಷ್ಯನೇ ಇರಬೇಕು. ಚೀಟಿಯಲ್ಲಿ ಸೀರೆಯ ಬಣ್ಣ, ಊರಿನ ಹೆಸರು ಎಲ್ಲ ಬರೆದುಕೊಂಡೆ. ಈಗ ಗೊತ್ತಾಯಿತು, ಟಿಪ್ಪರ್ ಬಿಟ್ಟು ಬಸ್ಸಿಗೆ ಯಾಕೆ ಬಂದ ಎಂದು. ಗಣಿಯ ದಾರಿಯಲ್ಲಿ ಊರು ಕಡಿಮೆ.

ಮನೆಗೆ ಬಂದವನೇ ನಾಗರತ್ನಳನ್ನು ಹಿತ್ತಿಲಿಗೆ ಕರೆದು ಚೀಟಿ ಓದಿ ಹೇಳಿದೆ. ಊರಿಗೊಬ್ಬಾಕಿ ಅದಾಳ, ದಿನಾ ಬುತ್ತಿ ಕಟ್ಟಿ ಕೊಡ್ತಾರ, ನನ್ನ ಮಗಳು ಆರನೇದಾಕಿ ಎಂದೆ. ಅವಳು ಬಟ್ಟೆ ಹಿಂಡುತ್ತಲೇ ಕೇಳಿಸಿಕೊಂಡಳು.

“ಹುಡುಗ ಹೆಂಗದಾನ್ರಿ, ದಪ್ಪನೋ ತೆಳ್ಳಗೋ?”

ಸಣಕಲ ಎಂದೆ.

“ಐದು ಮಂದಿ ಬುತ್ತಿ ತಿಂದು ಸಣಕಲ ಅದಾನಂದ್ರ ಮೊದಲು ದವಾಖಾನಿಗೆ ತೋರಿಸ್ರಿ. ಮದುವೆ ಆಮ್ಯಾಲೆ.”

ಹೆಂಗಸರಿಗೆ ಇಂಥ ವಿಷಯದಲ್ಲಿ ಗಾಂಭೀರ್ಯ ಸಾಲದು. ನನಗೆ ಸಾಕ್ಷಿ ಬೇಕಿತ್ತು. ಡಬ್ಬಿಯೊಳಗೆ ಚೀಟಿ ಇದ್ದೇ ಇರುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಮೊಬೈಲು ಬಂದ ಮೇಲೆ ಯಾರಾದರೂ ಚೀಟಿ ಬರೆಯುತ್ತಾರೆಯೇ ಎಂದು ನೀವು ಕೇಳಬಹುದು. ನನ್ನ ಅನುಮಾನ ಹಳೆಯ ಕಾಲದ್ದು, ಅದಕ್ಕೆ ಮೊಬೈಲು ಬಂದದ್ದು ಗೊತ್ತಿಲ್ಲ.

ಮೂರನೇ ದಿನ ವಾಪಸು ಬರುವಾಗ ಡ್ರೈವರನ ಹಿಂದಿನ ಸೀಟಿನಲ್ಲೇ, ಡಬ್ಬಿಗಳಿಗೆ ಕೈ ಎಟಕುವಂತೆ ಕೂತೆ. ಇಲ್ಲಿ ನಾನು ಮರೆತಿದ್ದ ಒಂದು ಸಂಗತಿ ಹೇಳಬೇಕು. ಆ ಬಸ್ಸಿನಲ್ಲಿ ಕಂಡಕ್ಟರ್ ಇದ್ದಳು. ಈರಮ್ಮ ಅಂತ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಈಗ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲದ ಟಿಕೆಟ್ಟು. ಆ ಹೊತ್ತಿಗೆ ಬಸ್ಸಿನ ತುಂಬ ಅವರೇ. ದುಡ್ಡು ಕೊಡುವ ಗಂಡಸು ಅಕ್ಕಿಯಲ್ಲಿನ ಕಲ್ಲಿನಂತೆ ಎದ್ದು ಕಾಣುತ್ತಾನೆ. ಅಂಥದ್ದರಲ್ಲಿ ಮುಖ ಮುಚ್ಚಿಕೊಂಡ, ಕೈಯಲ್ಲಿ ಚೀಲವಿಲ್ಲದ ಒಬ್ಬ ಮನುಷ್ಯ ಮೂರು ದಿನದಿಂದ ಕಂಪ್ಲಿಗೆ ಹೋಗಿ, ಕೆಳಗೂ ಇಳಿಯದೆ, ಅದೇ ಬಸ್ಸಿನಲ್ಲಿ ತಿರುಗಿ ಬರುತ್ತಿದ್ದಾನೆ. ನಾನು ಹುಲುಗೇಶನ ಕುತ್ತಿಗೆ ನೋಡುತ್ತಿದ್ದ ಅಷ್ಟೂ ಹೊತ್ತು ಈರಮ್ಮ ನನ್ನ ಕುತ್ತಿಗೆ ನೋಡುತ್ತಿದ್ದಳು.

ಕಮಲಾಪುರದಲ್ಲಿ ಬಸ್ಸು ನಿಂತಿತು. ಒಬ್ಬ ಅಜ್ಜಿಯ ಸೊಪ್ಪಿನ ಗಂಟು ಮೇಲೆತ್ತಲು ಹುಲುಗೇಶ ಕೆಳಗಿಳಿದ. ನಾನು ಹಸಿರು ಸೀರೆಯವಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಬಿಚ್ಚಿದೆ, ಮುಚ್ಚಳ ತೆಗೆದೆ. ಒಳಗೆ ಗಂಜಿ ಇತ್ತು. ಉಪ್ಪಿನಕಾಯಿ ಕೂಡ ಇಲ್ಲದ, ಬಿಳಿಚಿದ, ತೆಳ್ಳನೆಯ ಗಂಜಿ. ಪ್ರೀತಿಯ ಎಷ್ಟೋ ಬಗೆ ಕೇಳಿದ್ದೇನೆ, ಗಂಜಿ ಕಳಿಸುವ ಬಗೆ ಕೇಳಿರಲಿಲ್ಲ. ಹಾಗೆಯೇ ಬಗ್ಗಿ ನೋಡುತ್ತಿದ್ದಾಗ ಹಿಂದಿನಿಂದ ಒಂದು ಕೈ ಬಂದು ನನ್ನ ಟವೆಲ್ಲು ಕಿತ್ತುಕೊಂಡಿತು.

ಸಿಕ್ಕ ನೋಡ್ರಿ, ಮೂರು ದಿನದಿಂದ ಇವನ ಮ್ಯಾಲೇ ಕಣ್ಣಿಟ್ಟಿದ್ದೆ ಎಂದು ಈರಮ್ಮ ಇಡೀ ಬಸ್ಸಿಗೆ ಹೇಳಿದಳು. ಬಸ್ಸು ಎದ್ದು ನಿಂತಿತು. ಹೋದ ತಿಂಗಳು ನಮ್ಮನೆಯ ಮೊಸರಿನ ಡಬ್ಬಿ ಮುಟ್ಟಲೇ ಇಲ್ಲ ಎಂದು ಒಬ್ಬಳು, ವಯಸ್ಸಾದವನಿಗೆ ಇದೇನು ಬುದ್ಧಿ ಎಂದು ಇನ್ನೊಬ್ಬಳು, ಪೊಲೀಸ್ ಠಾಣೆ ಇಲ್ಲೇ ಹತ್ತಿರ ಐತಿ ಎಂದು ಮತ್ತೊಬ್ಬಳು. ನಾನು ಬಾಯಿ ತೆರೆದೆ. ಕಳ್ಳನಲ್ಲ, ಗಂಡು ನೋಡಲು ಬಂದಿದ್ದೇನೆ ಎನ್ನಲೇ? ಆ ಊರಿನಲ್ಲಿ ನನ್ನ ಮಗಳು ಟೀಚರು. ಸಂಜೆಯೊಳಗೆ ಮಕ್ಕಳಿಗೆಲ್ಲ ತಿಳಿದಿರುತ್ತದೆ, ಸುನೀತಾ ಟೀಚರ ಅಪ್ಪ ಬಸ್ಸಿನಲ್ಲಿ ಡಬ್ಬಿ ಕದಿಯುತ್ತಾನೆ ಎಂದು. ಕೈಯಲ್ಲಿದ್ದ ಮುಚ್ಚಳದಿಂದ ಗಂಜಿಯ ನೀರು ನನ್ನ ಪ್ಯಾಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಅಷ್ಟರಲ್ಲಿ ಹುಲುಗೇಶ ಹತ್ತಿಬಂದ. ಮಾಸ್ಕು ಗದ್ದಕ್ಕೆ ಜಾರಿದ್ದ ನನ್ನ ಮುಖ ನೋಡಿದ, ಡಬ್ಬಿ ನೋಡಿದ, ಮತ್ತೆ ಮುಖ ನೋಡಿದ.

“ಈರಮ್ಮಕ್ಕ, ಬಿಡ್ರಿ, ಅವರು ನಮ್ಮವರು. ಗಂಜಿ ಚೆಲ್ಲಾಕತ್ತೈತೇನೋ ಅನ್ನಿಸ್ತು, ನೋಡ್ರಿ ಅಂತ ನಾನೇ ಹೇಳಿದ್ದೆ.”

ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ, “ಮುಚ್ಚಳ ಬಿಗಿ ಹಾಕ್ರಿ ಯಜಮಾನ್ರ. ಅದು ದವಾಖಾನಿಗೆ ಹೋಗೋದು” ಎಂದ.

ಈರಮ್ಮ ನಂಬಲಿಲ್ಲ. ಅವಳ ಮುಖದಲ್ಲಿ ನಾನು ನನ್ನದೇ ಮುಖ ಕಂಡೆ. ನೋಡೋದಾದ್ರ ಪೂರ್ತಿ ನೋಡ್ಕೊಳ್ರಿ ಎಂದು ಐದೂ ಡಬ್ಬಿಗಳನ್ನು ನನ್ನ ತೊಡೆಯ ಮೇಲೆ ಪೇರಿಸಿದಳು. ಹೊಸಪೇಟೆ ಬರುವ ತನಕ ಕೂಸು ಹಿಡಿದವನಂತೆ ಅವನ್ನು ತಬ್ಬಿಕೊಂಡು ಕೂತಿದ್ದೆ. ಸರ್ಕಲ್ಲು ಬಂತು, ಇಳಿಯಲಾಗಲಿಲ್ಲ. ಮೊದಲ ಸಲ ಸ್ಟ್ಯಾಂಡಿನ ತನಕ ಹೋದೆ. ಅಲ್ಲಿ ಕಿಟಕಿಯ ಕೆಳಗೆ ಐದು ಮಂದಿ ಕಾಯುತ್ತಿದ್ದರು. ಹಾಸ್ಟೆಲಿನ ಊಟ ಸೇರದ ಕಾಲೇಜು ಹುಡುಗಿ ಒಬ್ಬಳು, ಗಾರೆ ಕೆಲಸದವನೊಬ್ಬ, ಬಟ್ಟೆ ಅಂಗಡಿಯಲ್ಲಿ ದುಡಿಯುವ ಅಕ್ಕ-ತಂಗಿ ಇಬ್ಬರು. ಕೊನೆಯಲ್ಲಿ ಒಬ್ಬ ಮುದುಕ. ಆಸ್ಪತ್ರೆಯಲ್ಲಿ ಹೆಂಡತಿಯನ್ನು ಮಲಗಿಸಿಕೊಂಡಿದ್ದಾನೆ, ರಾಮಸಾಗರದಿಂದ ಸೊಸೆ ದಿನಾ ಗಂಜಿ ಕಳಿಸುತ್ತಾಳೆ. ಡಬ್ಬಿ ನಾನೇ ಕೈಗೆ ಕೊಟ್ಟೆ. ಇವತ್ತು ಸ್ವಲ್ಪ ಕಡಿಮೆ ಐತಲ್ಲ ಎಂದ ಆತ. ನಾನು ಪ್ಯಾಂಟಿಗೆ ಟವೆಲ್ಲು ಅಡ್ಡ ಹಿಡಿದುಕೊಂಡೆ. ಇದು ಆ ದಾರಿಯ ರೂಢಿಯಂತೆ, ಊರಿಗೆಲ್ಲ ಗೊತ್ತು. ಬಸ್ಸು ಹತ್ತದ ನನ್ನಂಥವರಿಗೆ ಮಾತ್ರ ಗೊತ್ತಿಲ್ಲ.

ಚಹಾ ಕುಡಿಯೋಣ ಬರ್ರಿ ಎಂದು ಹುಲುಗೇಶನೇ ಕರೆದ. ನನ್ನನ್ನು ಹೇಗೆ ಗುರುತಿಸಿದಿ ಎಂದು ಕೇಳಿದೆ. ಸಂಬಂಧದ ಮಾತು ಬರುವ ಮುಂಚೆ ಅವನೂ ನಮ್ಮ ಅಂಗಡಿಗೆ ಬಂದು ಎರಡು ಸಲ ಬಲ್ಬು ತಗೊಂಡು ಹೋಗಿದ್ದನಂತೆ, ಅವನ ಹತ್ತಿರ ಬೈಕೇ ಇಲ್ಲದಿದ್ದರೂ. ನನಗೆ ಆ ಹುಡುಗನ ಮೇಲೆ ಮೊದಲ ಸಲ ಗೌರವ ಹುಟ್ಟಿತು. ಈಗ ಯಾರೂ ಇಲ್ಲ, ನಿಜ ಹೇಳು, ಪರಿಸರ ಅಂತ ಯಾಕ ಹೇಳಿಸಿದಿ ಎಂದೆ.

ಅವನು ಲೋಟ ಕೆಳಗಿಟ್ಟ. “ಆ ಐವತ್ತು ಗಾಡಿ ಲೆಕ್ಕ ನಿಮ್ಮ ಮಗಳು ಹೇಳಿಕೊಟ್ಟಿದ್ದು. ನನಗ ಅಷ್ಟೆಲ್ಲ ಬರಂಗಿಲ್ಲ. ಟಿಪ್ಪರ್ ಹೊಡೆಯೋವಾಗ ನನ್ನ ಅಂಗಿ ಒಗೆದ್ರ ಬಕೀಟು ತುಂಬ ಕೆಂಪು ನೀರು ಬರ್ತಿತ್ತು. ಅವ್ವ ಅದನ್ನ ಚೆಲ್ಲೋವಾಗ ಒಂದು ಮಾತೂ ಆಡ್ತಿರಲಿಲ್ಲ. ನನ್ನ ಕೆಮ್ಮು ಕೇಳಿದಾಗೂ ಆಡ್ತಿರಲಿಲ್ಲ. ಈಗ ನೀರು ಬರೇ ಹೊಲಸು ಬರ್ತೈತ್ರಿ. ಕೆಂಪು ಬರಂಗಿಲ್ಲ. ಬೈತಾಳ, ಇಷ್ಟು ಹೊಲಸು ಮಾಡ್ಕೊಂಡು ಬರ್ತೀಯಲ್ಲ ಅಂತ. ಬೈಯಾಕತ್ತಾಳಲ್ಲ ಅಂತ ಬಸ್ಸಿನಾಗೇ ಉಳದೆ.”

ಆ ಕೆಂಪು ನೀರು ನನಗೆ ಗೊತ್ತಿತ್ತು. ಲಾರಿಯ ಕಾಲದಲ್ಲಿ ನನ್ನ ಅಂಗಿಯದೂ ಅದೇ ಬಣ್ಣ, ನಾಗರತ್ನ ಹಿತ್ತಿಲಿಗೆ ಚೆಲ್ಲಿದ್ದು ಎಷ್ಟು ಬಕೀಟೋ. ಅವಳೂ ಆಗ ಮಾತಾಡುತ್ತಿರಲಿಲ್ಲ. ವ್ಯಾಪಾರ ಜೋರಾಗಿದೆ ಎಂಬ ಸಂತೋಷಕ್ಕೆ ಸುಮ್ಮನಿದ್ದಾಳೆ ಎಂದುಕೊಂಡಿದ್ದೆ. ಎಲ್ಲದರ ಮೇಲೂ ಅನುಮಾನಪಡುವ ನಾನು ಅದೊಂದರ ಮೇಲೆ ಯಾಕೆ ಪಡಲಿಲ್ಲವೋ.

ಸಂಜೆ ಮಗಳು ಶಾಲೆಯಿಂದ ಬಂದಾಗ, ಹುಡುಗನ ಕಡೆಯವರನ್ನು ಬರಲು ಹೇಳಿಸು ಎಂದೆ. ಅವಳು ಸೀದಾ ಒಳಗೆ ಹೋದಳು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು, ಆಮೇಲೆ ನಗುವ ಸದ್ದಾಯಿತು. ಏನೂ ಅನುಮಾನ ಉಳಿದಿಲ್ಲೇನ್ರಿ ಎಂದು ನಾಗರತ್ನ ಕೇಳಿದಳು. ಒಂದು ಐತಿ, ಇಷ್ಟು ಒಳ್ಳೆ ಹುಡುಗ ನಮ್ಮ ಮನೀಗೆ ಯಾಕ ಬರ್ತಾನ ಎಂದೆ. ನಿಮ್ಮನ್ನ ನೋಡಿ ಬರಾಕತ್ತಿಲ್ಲ ಬಿಡ್ರಿ ಎಂದಳು.

ಮದುವೆಯಾಗಿ ಈಗ ಏಳು ತಿಂಗಳು. ಹಬ್ಬಕ್ಕೆ ಬಂದಾಗ ಅಳಿಯ, ಮಾವ ಇನ್ನು ಮೇಲೆ ಬಸ್ಸಿನಲ್ಲೇ ಓಡಾಡಲಿ ಎಂದು, ಹಿರಿಯ ನಾಗರಿಕರ ರಿಯಾಯಿತಿಗೆ ಏನೇನು ಬೇಕು ವಿಚಾರಿಸಿಕೊಂಡು ಬಂದಿದ್ದ. ನನಗೆ ಐವತ್ತೇಳೇ ಅಲ್ಲವೇ ಎಂದೆ. ನಾಲ್ಕು ವರ್ಷದಿಂದ ಬೀದಿಯಲ್ಲೆಲ್ಲ ಅಷ್ಟೇ ಹೇಳಿಕೊಂಡು ಬಂದಿದ್ದೇನೆ. ನಾಗರತ್ನ ಎದ್ದು ಹೋಗಿ ಟ್ರಂಕಿನಿಂದ ನನ್ನ ಆಧಾರ್ ಕಾರ್ಡು ತಂದು ಅಳಿಯನ ಕೈಗೇ ಕೊಟ್ಟಳು. ಈಗ ವಾರಕ್ಕೆರಡು ಸಲ ಶಾಂತಕ್ಕನ ಮನೆಗೆಂದು ಆರರ ಬಸ್ಸು ಹತ್ತುತ್ತೇನೆ. ಟಿಕೆಟ್ ಕೊಡುವ ಮುಂಚೆ ಈರಮ್ಮ ಪ್ರತಿ ಸಲವೂ ಕಾರ್ಡು ಇಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಮ್ಮೆ ಫೋಟೋ, ಒಮ್ಮೆ ನನ್ನ ಮುಖ ನೋಡುತ್ತಾಳೆ.